ದೈತ್ಯ ಕುಂಬಳ ಬೆಳೆದು ನಾಲ್ಕು ಕಾಸು ಮಾಡಿಕೊಳ್ಳುವುದು ಹೇಗೆ? ಕೊಡಗಿನವರಿಗೊಂದು ಮಾರ್ಗದರ್ಶಿ

ನೂರು ಕೆಜಿಯ ಒಂದು ಕುಂಬಳಕಾಯಿ ಬೆಳೆದಿರಿ ಅಂತ ಇಟ್ಟುಕೊಳ್ಳಿ. ಅದನ್ನು ಹೋಳು ಮಾಡಿ ಸಂತೆಯಲ್ಲಿ ಕೆಜಿಗೆ 15 ರೂಪಾಯಿಯಂತೆ ಮಾರಿದರೆ ಕೈಗೆ ಬರುವುದು 1,500 ರೂಪಾಯಿ. ಗೊಬ್ಬರ, ನೀರು, ಬೇಲಿ, ನಾಲ್ಕು ತಿಂಗಳ ಆರೈಕೆ ಎಲ್ಲ ಸೇರಿಸಿದರೆ ಅದು ನಷ್ಟವೇ. ಅದೇ ಕಾಯಿಯನ್ನು ಕಡಿಯದೆ ಬೇಸಿಗೆ ರಜೆಯಲ್ಲಿ ಒಂದು ಹೋಂಸ್ಟೇ ಅಂಗಳದಲ್ಲಿ ಕೂರಿಸಿ ನೋಡಿ. ಬಂದವರೆಲ್ಲ ಮೊದಲು ಅದರ ಹತ್ತಿರ ಹೋಗುತ್ತಾರೆ. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ‘ಇದನ್ನ ಇಲ್ಲೇ ಬೆಳೆದದ್ದಾ?’ ಅಂತ ಕೇಳುತ್ತಾರೆ. ದೈತ್ಯ ಕುಂಬಳದಲ್ಲಿ ದುಡ್ಡು ಇರುವುದು ಅಲ್ಲಿ. ತೂಕಕ್ಕೆ ಬೆಲೆ ಕಮ್ಮಿ, ನೋಟಕ್ಕೆ ಬೆಲೆ ಜಾಸ್ತಿ. ಕೊಡಗಿಗೆ ವರ್ಷಪೂರ್ತಿ ನೋಡುವವರು ಬರುತ್ತಾರೆ. ಹಾಗಾಗಿ ಈ ಹವ್ಯಾಸಕ್ಕೆ ನಮ್ಮ ಜಿಲ್ಲೆಯಷ್ಟು ಒಳ್ಳೆಯ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ಇದರಿಂದ ಮನೆ ನಡೆಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಫಿ, ಮೆಣಸಿನ ಜೊತೆಗೆ ಒಂದು ಚಿಕ್ಕ ಆದಾಯ. ಖರ್ಚು ಹುಟ್ಟಿ ಮೇಲೆ ಸ್ವಲ್ಪ ಉಳಿದರೆ ಮೊದಲ ವರ್ಷಕ್ಕೆ ಅದೇ ಗೆಲುವು.

ಎಷ್ಟು ದೊಡ್ಡದಾಗುತ್ತೆ?

ಹೊರದೇಶದ ಸುದ್ದಿ ಓದಿದವರಿಗೆ ಆಸೆ ಜಾಸ್ತಿಯಾಗುವುದು ಸಹಜ. 2023ರಲ್ಲಿ ಅಮೆರಿಕದ ಟ್ರಾವಿಸ್ ಗೀಂಗರ್ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಸ್ಪರ್ಧೆಗೆ ತಂದ ಕುಂಬಳ 2,749 ಪೌಂಡ್ ತೂಗಿತು. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 1,247 ಕೆಜಿ. ಅದಕ್ಕೆ ಸಿಕ್ಕ ಬಹುಮಾನ 30,000 ಡಾಲರ್. 2025ರಲ್ಲಿ ಇಂಗ್ಲೆಂಡಿನ ಅವಳಿ ಸಹೋದರರಾದ ಇಯಾನ್ ಮತ್ತು ಸ್ಟುವರ್ಟ್ ಪ್ಯಾಟನ್ ಸುಮಾರು 1,278 ಕೆಜಿಯ ಕಾಯಿ ಬೆಳೆದು ಆ ದಾಖಲೆಯನ್ನೂ ಮುರಿದರು.

ಆ ಲೆಕ್ಕವನ್ನು ಇಲ್ಲಿ ಹಾಕಬೇಡಿ. ಅಲ್ಲಿ ಬೇಸಿಗೆಯಲ್ಲಿ ಹದಿನೈದು, ಹದಿನಾರು ಗಂಟೆ ಹಗಲು. ನಮಗೆ ಉದ್ದದ ಹಗಲು ಅಂದರೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಎಲೆಗೆ ಬೆಳಕು ಸಿಗುವ ಹೊತ್ತು ಕಮ್ಮಿಯಾದಷ್ಟೂ ಕಾಯಿಗೆ ಸೇರುವ ಆಹಾರ ಕಮ್ಮಿ. ಜೊತೆಗೆ ಅವರು ಹತ್ತಾರು ವರ್ಷ ಒಂದೇ ಮಣ್ಣನ್ನು ಹದ ಮಾಡಿದವರು, ಕಾಯಿಯ ವಂಶಾವಳಿ ಬರೆದಿಟ್ಟವರು. ನಮ್ಮಲ್ಲಿ ಮೊದಲ ಬೆಳೆಗೆ 40–50 ಕೆಜಿ ಬಂದರೆ ಖುಷಿಪಡಿ. ನೂರು ಕೆಜಿ ದಾಟಿದರೆ ಊರಿನವರೆಲ್ಲ ನೋಡಲು ಬರುತ್ತಾರೆ. ಮನೆ ಹಿತ್ತಲಿನಲ್ಲಿ ಐದಾರು ಕೆಜಿಯ ಸಿಹಿಗುಂಬಳ ನೋಡಿಯೇ ಅಭ್ಯಾಸವಾದ ಕಣ್ಣಿಗೆ ಐವತ್ತು ಕೆಜಿಯದ್ದೇ ದೊಡ್ಡ ಆಶ್ಚರ್ಯ. ನಿಮಗೆ ಬೇಕಾದದ್ದು ಆ ಆಶ್ಚರ್ಯ, ವಿಶ್ವದಾಖಲೆ ಅಲ್ಲ.

ಮೊದಲು ಕ್ಯಾಲೆಂಡರ್ ನೋಡಿ

ಬೀಜಕ್ಕಿಂತ ಮುಂಚೆ ತಿಂಗಳು ಗೊತ್ತು ಮಾಡಬೇಕು. ಬಿತ್ತಿದ ದಿನದಿಂದ ಕೊಯ್ಲಿಗೆ ಸುಮಾರು ನಾಲ್ಕು ತಿಂಗಳು ಬೇಕು. ಆ ನಾಲ್ಕು ತಿಂಗಳು ಮಳೆಗಾಲಕ್ಕೆ ಸಿಕ್ಕಿಬೀಳಬಾರದು. ಕಾಯಿ ಬಲಿಯುವ ಹೊತ್ತಿಗೆ ಊರಿಗೆ ಪ್ರವಾಸಿಗರೂ ಬಂದಿರಬೇಕು.

ನನ್ನ ಆಯ್ಕೆ ಜನವರಿ ಮೊದಲ ವಾರದ ಬಿತ್ತನೆ. ಫೆಬ್ರವರಿ ಕೊನೆಗೆ ಅಥವಾ ಮಾರ್ಚ್ ಮೊದಲಿಗೆ ಹೆಣ್ಣುಹೂವು ಬರುತ್ತದೆ. ಮಾರ್ಚ್, ಏಪ್ರಿಲ್ ಪೂರ್ತಿ ಕಾಯಿ ದಪ್ಪವಾಗುತ್ತದೆ. ಮೇ ಮೊದಲ ಎರಡು ವಾರದಲ್ಲಿ ಕೊಯ್ಲು. ಶಾಲೆಗಳಿಗೆ ರಜೆ, ಹೋಂಸ್ಟೇಗಳು ಭರ್ತಿ, ಮದುವೆ ಸೀಸನ್ ಬೇರೆ. ಜೂನ್ ಮಳೆ ಹಿಡಿಯುವ ಮೊದಲೇ ಎಲ್ಲ ಮುಗಿದಿರುತ್ತದೆ.

ಇನ್ನೊಂದು ದಾರಿ ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತುವುದು. ಮಡಿಕೇರಿಯ ರಾಜಾಸೀಟಿನಲ್ಲಿ ತೋಟಗಾರಿಕೆ ಇಲಾಖೆ ನಡೆಸುವ ಫಲಪುಷ್ಪ ಪ್ರದರ್ಶನ ಸಾಮಾನ್ಯವಾಗಿ ಜನವರಿ ಆಸುಪಾಸಿನಲ್ಲಿ ಬರುತ್ತದೆ. ಆ ಪ್ರದರ್ಶನಕ್ಕೆ ಕಾಯಿ ಒಯ್ಯುವ ಆಸೆ ಇರುವವರಿಗೆ ಇದು ಸರಿ. ಆದರೆ ಎರಡು ತೊಂದರೆ. ಡಿಸೆಂಬರ್ ರಾತ್ರಿಯ ಚಳಿಗೆ ಕಾಯಿ ಬೆಳೆಯುವುದು ನಿಧಾನ. ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದರೆ ಮನೆಯವರಿಗೂ ಆಳುಗಳಿಗೂ ಕುಂಬಳದ ಕಡೆ ತಿರುಗಿ ನೋಡಲು ಪುರುಸೊತ್ತು ಇರುವುದಿಲ್ಲ. ಕುಶಾಲನಗರದ ಕಡೆ ಮಳೆ ಕಮ್ಮಿ, ಚಳಿಯೂ ಅಷ್ಟಿಲ್ಲ. ಅಲ್ಲಿಯವರು ಇದನ್ನು ಧೈರ್ಯವಾಗಿ ಮಾಡಬಹುದು. ಅವರಿಗೆ ಏಪ್ರಿಲ್ ಬಿಸಿಲೇ ಹೆಚ್ಚಿನ ಕಷ್ಟ. ಬಿಸಿಲು 32 ಡಿಗ್ರಿ ದಾಟಿದರೆ ಎಲೆ ಸೊರಗುತ್ತದೆ, ಮಿಡಿ ಉದುರುತ್ತದೆ. ದಸರೆಗೆ ಕಾಯಿ ಬೇಕು ಅಂತ ಮೇ–ಜೂನ್‌ನಲ್ಲಿ ಬಿತ್ತುವ ಯೋಚನೆ ಮಾತ್ರ ಬೇಡ. ನಮ್ಮ ಆಷಾಢದ ಮಳೆಯಲ್ಲಿ ಬಳ್ಳಿ ಕೊಳೆತುಹೋಗುತ್ತದೆ.

ಜಾಗ ಮತ್ತು ಮಣ್ಣು

ಒಂದು ಬಳ್ಳಿಗೆ 30 ಅಡಿ ಉದ್ದ, 30 ಅಡಿ ಅಗಲದ ಜಾಗ ಬಿಡಿ. ಜಾಸ್ತಿ ಅನ್ನಿಸಬಹುದು. ಆದರೆ ಕಾಯಿಗೆ ಊಟ ಕೊಡುವುದು ಎಲೆ. ಎಲೆ ಹರಡಲು ಜಾಗ ಇಲ್ಲದಿದ್ದರೆ ಕಾಯಿಯೂ ಇಲ್ಲ. ಮೊದಲ ವರ್ಷ ಎರಡೇ ಗಿಡ ಸಾಕು. ಒಂದು ಹೋದರೂ ಇನ್ನೊಂದು ಉಳಿದಿರುತ್ತದೆ.

ಕಾಫಿ ತೋಟದ ನೆರಳಿನಲ್ಲಿ ಇದು ಆಗುವುದಿಲ್ಲ. ದಿನಕ್ಕೆ ಕನಿಷ್ಠ ಎಂಟು ಗಂಟೆ ನೇರ ಬಿಸಿಲು ಬೇಕು. ಹಾಗಾಗಿ ಪುತ್ತರಿ ಮುಗಿದು ಭತ್ತ ಕೊಯ್ದ ಮೇಲೆ ಬೇಸಿಗೆಯಲ್ಲಿ ಸುಮ್ನೆ ಬಿದ್ದಿರುವ ಗದ್ದೆ ಒಳ್ಳೆಯ ಜಾಗ. ಮನೆ ಹತ್ತಿರದ ಗದ್ದೆಯ ಮೂಲೆ ಆದರೆ ಇನ್ನೂ ಒಳ್ಳೆಯದು. ಹತ್ತಿರ ಏಕೆ ಅಂತ ಆನೆಯ ವಿಷಯ ಬಂದಾಗ ಹೇಳುತ್ತೇನೆ. ಗದ್ದೆ ಮಣ್ಣು ಗಟ್ಟಿ, ನೀರು ನಿಲ್ಲುತ್ತದೆ. ಗಿಡ ನೆಡುವ ಜಾಗವನ್ನು ಒಂದು ಅಡಿ ಎತ್ತರದ ದಿಬ್ಬ ಮಾಡಿ, ಸುತ್ತ ನೀರು ಹರಿದುಹೋಗಲು ಚರಂಡಿ ತೆಗೆಯಿರಿ.

ನಮ್ಮ ಮಣ್ಣು ಹುಳಿ. ಕಾಫಿಗೆ ಸುಣ್ಣ ಹಾಕುವವರಿಗೆ ಇದು ಹೊಸ ವಿಷಯವಲ್ಲ. ಕುಂಬಳಕ್ಕೆ ಪಿಎಚ್ (ಮಣ್ಣಿನ ಹುಳಿಯ ಅಳತೆ) 6.5ರ ಹತ್ತಿರ ಇರಬೇಕು. ಮಣ್ಣು ಪರೀಕ್ಷೆ ಮಾಡಿಸದೆ ಅಂದಾಜಿನ ಮೇಲೆ ಸುಣ್ಣ ಸುರಿಯಬೇಡಿ. ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಕಾಫಿ ತೋಟದ ಮಣ್ಣನ್ನು ನೀವು ಪರೀಕ್ಷೆಗೆ ಕೊಡುವ ಕಡೆಯೇ ಇದನ್ನೂ ಕೊಡಬಹುದು. ಸುಣ್ಣ ಹಾಕುವುದಿದ್ದರೆ ಬಿತ್ತುವ ಒಂದು ತಿಂಗಳು ಮೊದಲೇ ಹಾಕಿ ಮಣ್ಣಿಗೆ ಸೇರಿಸಿಬಿಡಿ.

ಗೊಬ್ಬರದ ವಿಷಯದಲ್ಲಿ ಜಿಪುಣತನ ಬೇಡ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ವರ್ಷ ಹಳೆಯದಾದ ಕಾಫಿ ಸಿಪ್ಪೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ. ಗಿಡದ ಬುಡಕ್ಕೆ ಮಾತ್ರ ಅಲ್ಲ, ಬಳ್ಳಿ ಹರಡುವ ಇಡೀ ಜಾಗಕ್ಕೆ ಹರಡಿ. ಕಾರಣ ಇದೆ. ಈ ಬಳ್ಳಿ ಹರಿದಲ್ಲೆಲ್ಲ ಗೆಣ್ಣಿನಿಂದ ಬೇರು ಬಿಡುತ್ತದೆ. ಹಸಿ ಸಗಣಿ, ಕಳಿಯದ ಸಿಪ್ಪೆ ಹಾಕಿದರೆ ಬೇರು ಸುಡುತ್ತದೆ.

ಬೀಜ ಎಲ್ಲಿಂದ?

ಬೀಜ ಸರಿ ಇಲ್ಲದಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ಚಂದನ್ ಅಡುಗೆಗೆ ಬಹಳ ಒಳ್ಳೆಯ ತಳಿ, ಆದರೆ ಕಾಯಿ ಎರಡು ಮೂರು ಕೆಜಿಯದ್ದು. ದೈತ್ಯ ಕಾಯಿಗೆ ಬೇಕಾದದ್ದು ‘ಅಟ್ಲಾಂಟಿಕ್ ಜಯಂಟ್’ ಎಂಬ ತಳಿ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೋವರ್ಡ್ ಡಿಲ್ ಎಂಬ ರೈತ ವರ್ಷಗಟ್ಟಲೆ ಆರಿಸಿ ಆರಿಸಿ ರೂಪಿಸಿದ್ದು. ಅವರು 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ವಿಶ್ವ ಚಾಂಪಿಯನ್ ಆಗಿದ್ದರು. ಇವತ್ತು ದಾಖಲೆ ಮುರಿಯುವ ಕುಂಬಳಗಳೆಲ್ಲ ಅದೇ ವಂಶದವು.

ಭಾರತದ ಬೀಜ ಮಾರಾಟಗಾರರಲ್ಲಿ ಈ ಹೆಸರಿನ ಪೊಟ್ಟಣ ಸಿಗುತ್ತದೆ. ಬಿಲ್ ಕೊಡುವವರ ಹತ್ತಿರವೇ ತೆಗೆದುಕೊಳ್ಳಿ. ಬೀಜ ದಪ್ಪಗೆ, ಅಗಲವಾಗಿ, ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗಿ ಇರಬೇಕು. ಹೊರದೇಶದ ಸ್ನೇಹಿತರಿಗೆ ಹೇಳಿ ಲಕೋಟೆಯಲ್ಲಿ ಬೀಜ ತರಿಸಿಕೊಳ್ಳಬೇಡಿ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಬೀಜ ಆಮದಿಗೆ ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇದು ಬರೀ ಕಾಗದದ ವಿಷಯ ಅಲ್ಲ. ಬೀಜದ ಜೊತೆ ಬರುವ ಒಂದು ರೋಗ ಊರಿನ ಸೌತೆ, ಹಾಗಲ, ಕುಂಬಳ ಎಲ್ಲಕ್ಕೂ ಹತ್ತಬಹುದು.

ಸಿಪ್ಪೆ ಗಟ್ಟಿ ಇರುವುದರಿಂದ ಬೀಜದ ಎರಡು ಪಕ್ಕದ ಅಂಚನ್ನು ಮರಳು ಕಾಗದದಲ್ಲಿ ಮೆತ್ತಗೆ ಉಜ್ಜಿ. ಮೂತಿಯ ತುದಿ ಮುಟ್ಟಬೇಡಿ, ಮೊಳಕೆ ಬರುವುದು ಅಲ್ಲಿಂದ. ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಡಿ. ಜನವರಿ ಚಳಿಯಲ್ಲಿ ಅಡುಗೆಮನೆಯ ಒಲೆಯ ಹಿಂಭಾಗ ಇದಕ್ಕೆ ಸರಿಯಾದ ಜಾಗ. ಸುಮಾರು 30 ಡಿಗ್ರಿ ಬಿಸಿ ಇದ್ದರೆ ನಾಲ್ಕೈದು ದಿನದಲ್ಲಿ ಮೊಳಕೆ ಕಾಣುತ್ತದೆ. ಆಮೇಲೆ ದೊಡ್ಡ ಕಾಗದದ ಲೋಟಕ್ಕೆ ಹಾಕಿ. ಮೊದಲ ನಿಜ ಎಲೆ (ಬೀಜದೆಲೆ ಎರಡರ ನಂತರ ಬರುವುದು) ಬಿಚ್ಚಿದ ಕೂಡಲೇ ಬೇರು ಅಲುಗದಂತೆ ದಿಬ್ಬಕ್ಕೆ ನೆಡಿ. ತಡ ಮಾಡಿದರೆ ಬೇರು ಲೋಟದೊಳಗೆ ಸುತ್ತಿಕೊಂಡು ಗಿಡ ಕುಗ್ಗುತ್ತದೆ.

ಬಳ್ಳಿಯನ್ನು ಹದಕ್ಕೆ ತರುವುದು

ಹಿತ್ತಲ ಕುಂಬಳವನ್ನು ನಾವು ಹರಿದಲ್ಲಿ ಹರಿಯಲಿ ಅಂತ ಬಿಟ್ಟುಬಿಡುತ್ತೇವೆ. ಇಲ್ಲಿ ಹಾಗಲ್ಲ. ತಾಯಿಬಳ್ಳಿ ನೇರವಾಗಿ ಒಂದೇ ದಿಕ್ಕಿಗೆ ಹೋಗಬೇಕು. ಎರಡೂ ಪಕ್ಕದಿಂದ ಬರುವ ಪಕ್ಕಬಳ್ಳಿಗಳನ್ನು ಅಡ್ಡಕ್ಕೆ ಬಿಡಿ. ಪಕ್ಕಬಳ್ಳಿಯಿಂದ ಮತ್ತೆ ಕವಲು ಹೊರಟರೆ ಚಿವುಟಿ ತೆಗೆಯಿರಿ. ಪಕ್ಕಬಳ್ಳಿ ಹತ್ತು ಹನ್ನೆರಡು ಅಡಿ ಆದ ಮೇಲೆ ಅದರ ತುದಿಯನ್ನೂ ಚಿವುಟಿ.

ಪ್ರತಿ ಗೆಣ್ಣಿನ ಮೇಲೆ ಒಂದು ಹಿಡಿ ಮಣ್ಣು ಗೊಬ್ಬರ ಹಾಕಿ ಮುಚ್ಚುತ್ತಾ ಹೋಗಿ. ವಾರದೊಳಗೆ ಅಲ್ಲಿ ಬೇರು ಇಳಿಯುತ್ತದೆ. ಗಾಳಿ ಬಂದರೂ ಬಳ್ಳಿ ಮಗುಚುವುದಿಲ್ಲ, ಕಾಯಿಗೆ ಹತ್ತಾರು ಕಡೆಯಿಂದ ನೀರು ಗೊಬ್ಬರ ಸೇರುತ್ತದೆ. ದಿನಾ ಸಂಜೆ ಹತ್ತು ನಿಮಿಷದ ಕೆಲಸ ಅಷ್ಟೇ. ಆದರೆ ವಾರ ಬಿಟ್ಟು ಹೋದರೆ ಬಳ್ಳಿ ಕಾಡಾಗಿರುತ್ತದೆ.

ಚಿವುಟಿದ ಕುಡಿಯನ್ನು ಎಸೆಯಬೇಡಿ. ಕುಂಬಳದ ಕುಡಿ ಪಲ್ಯದ ರುಚಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಜಾಸ್ತಿಯಾದರೆ ಕಟ್ಟು ಕಟ್ಟಿ ಶುಕ್ರವಾರ ಮಡಿಕೇರಿ ಸಂತೆಗೆ ಕಳಿಸಿ. ಈ ಬಳ್ಳಿಯಿಂದ ಬರುವ ಮೊದಲ ದುಡ್ಡು ಅದೇ. ಔಷಧಿ ಹೊಡೆದಿದ್ದರೆ ಮಾತ್ರ ಮಾರಲೂ ಬೇಡ, ತಿನ್ನಲೂ ಬೇಡ.

ಬೆಳಗ್ಗೆ ಆರು ಗಂಟೆಯ ಕೆಲಸ

ಹೆಣ್ಣುಹೂವಿನ ಕೆಳಗೆ ನೆಲ್ಲಿಕಾಯಿ ಗಾತ್ರದ ಉಂಡೆ ಇರುತ್ತದೆ. ಗಂಡುಹೂವಿಗೆ ಬರೀ ಉದ್ದ ತೊಟ್ಟು. ನಾಳೆ ಅರಳುವ ಹೂವು ಹಿಂದಿನ ಸಂಜೆಯೇ ತುದಿಯಲ್ಲಿ ಹಳದಿ ತಿರುಗಿರುತ್ತದೆ. ಆ ಸಂಜೆ ಹೆಣ್ಣುಹೂವಿನ ಬಾಯಿಯನ್ನು ದಾರದಲ್ಲಿ ಸಡಿಲವಾಗಿ ಕಟ್ಟಿ. ಎರಡು ಮೂರು ಗಂಡುಹೂವಿಗೂ ಹಾಗೇ ಮಾಡಿ. ಜೇನು ಬೇರೆ ಕುಂಬಳದ ಪರಾಗ ತರಬಾರದು, ಅದಕ್ಕೆ.

ಬೆಳಗ್ಗೆ ಮಂಜು ಆರುವ ಮೊದಲೇ ಹೋಗಿ. ಗಂಡುಹೂವನ್ನು ಕಿತ್ತು ಎಸಳೆಲ್ಲ ಬಿಡಿಸಿದರೆ ನಡುವಿನ ಹಳದಿ ಕಡ್ಡಿ ಉಳಿಯುತ್ತದೆ. ಬೆರಳಿಗೆ ಪುಡಿ ಅಂಟಿದರೆ ಪರಾಗ ಸಿದ್ಧ ಅಂತ ಅರ್ಥ. ಹೆಣ್ಣುಹೂವಿನ ದಾರ ಬಿಚ್ಚಿ, ಒಳಗೆ ನಡುವಿನಲ್ಲಿರುವ ನಾಲ್ಕೈದು ಹೋಳಿನ ಶಲಾಕಾಗ್ರದ (ಪರಾಗ ಹಿಡಿಯುವ ಭಾಗ) ಮೇಲೆ ಎಲ್ಲ ಕಡೆಗೂ ತಾಗುವಂತೆ ಮೆತ್ತಗೆ ಸವರಿ. ಒಂದು ಹೋಳು ಬಿಟ್ಟುಹೋದರೆ ಕಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಬಹುದು. ಮತ್ತೆ ಬಾಯಿ ಕಟ್ಟಿ, ತೊಟ್ಟಿಗೆ ತಾರೀಕು ಬರೆದ ಚೀಟಿ ಕಟ್ಟಿ. ಬಿಸಿಲೇರಿದ ಮೇಲೆ ಈ ಕೆಲಸ ಮಾಡಿ ಪ್ರಯೋಜನವಿಲ್ಲ.

ತಾಯಿಬಳ್ಳಿಯಲ್ಲಿ ಬುಡದಿಂದ ಹತ್ತು ಅಡಿ ಆಚೆ ಬರುವ ಹೂವಿಗೇ ಕಾಯಿ ಕಟ್ಟಿಸಿ. ಎರಡು ಮೂರು ಮಿಡಿ ನಿಂತ ಮೇಲೆ ಹತ್ತು ದಿನ ನೋಡಿ. ಯಾವುದು ಬೇಗ ಉಬ್ಬುತ್ತದೋ, ಯಾವುದರ ಆಕಾರ ಚೆನ್ನಾಗಿದೆಯೋ ಅದೊಂದನ್ನು ಇಟ್ಟು ಉಳಿದದ್ದನ್ನು ಕಿತ್ತುಬಿಡಿ. ಹೊಟ್ಟೆ ಉರಿಯುತ್ತೆ ನಿಜ. ಆದರೆ ಒಂದು ಬಳ್ಳಿಗೆ ಎರಡು ಕಾಯಿ ಬಿಟ್ಟರೆ ಎರಡೂ ಸಾಧಾರಣ ಕಾಯಿ ಆಗುತ್ತವೆ, ನೋಡಲು ಯಾರೂ ಬರುವುದಿಲ್ಲ.

ಕಾಯಿ ಉಬ್ಬುವ ದಿನಗಳು

ಕಾಯಿ ಕಟ್ಟಿದ ಮೂರನೇ ವಾರದಿಂದ ಆರನೇ ವಾರದವರೆಗೆ ಬೆಳವಣಿಗೆ ಜೋರು. ದಾಖಲೆ ಕಾಯಿಗಳು ದಿನಕ್ಕೆ 20 ಕೆಜಿವರೆಗೂ ಏರುತ್ತವೆ. ನಮ್ಮದು ದಿನಕ್ಕೆ ಎರಡು ಮೂರು ಕೆಜಿ ಏರಿದರೂ ಕಣ್ಣಿಗೆ ಕಾಣುತ್ತದೆ.

ಮಿಡಿ ಮುಷ್ಟಿ ಗಾತ್ರ ಇರುವಾಗಲೇ ಕೆಳಗೆ ಒಂದು ಮರದ ಹಲಗೆ, ಅದರ ಮೇಲೆ ಎರಡಿಂಚು ಮರಳು ಹಾಕಿ ಕೂರಿಸಿ. ದೊಡ್ಡದಾದ ಮೇಲೆ ಎತ್ತಲು ಹೋದರೆ ತೊಟ್ಟು ಮುರಿಯುತ್ತದೆ. ಬಳ್ಳಿ ತೊಟ್ಟಿನ ಎರಡೂ ಕಡೆ ಕಾಯಿಯಿಂದ ದೂರ ಬಾಗುವಂತೆ ದಿನಾ ಸ್ವಲ್ಪ ಸ್ವಲ್ಪವೇ ಸರಿಸಿ. ಕಾಯಿಯ ಭುಜ ಉಬ್ಬಿ ಬಳ್ಳಿಯನ್ನು ಒತ್ತಿ ಸೀಳಿಹಾಕುವುದು ಇಲ್ಲೇ. ಕಾಯಿಯ ಹತ್ತಿರದ ಒಂದೆರಡು ಗೆಣ್ಣಿಗೆ ಮಾತ್ರ ಮಣ್ಣು ಹಾಕಬೇಡಿ. ಅಲ್ಲಿ ಬಳ್ಳಿ ಮೇಲೇಳಲು ಸಲಿಗೆ ಇರಬೇಕು.

ಮೇಲೆ ಹಳೆಯ ಬಿಳಿ ಪಂಚೆ ಹೊದಿಸಿ. ನೇರ ಬಿಸಿಲು ಬಿದ್ದರೆ ಸಿಪ್ಪೆ ಬೇಗ ಗಟ್ಟಿಯಾಗಿ ಹಿಗ್ಗುವುದು ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಆಲಿಕಲ್ಲು ಮಳೆ ಬರುವ ಊರು ನಮ್ಮದು. ನಾಲ್ಕು ಬಿದಿರು ಕಂಬ ನೆಟ್ಟು ನೆರಳು ಬಲೆ ಸಿದ್ಧ ಇಟ್ಟಿರಿ, ಮೋಡ ಕಟ್ಟಿದರೆ ಎಳೆಯಲು.

ನೀರು ಸಮವಾಗಿರಬೇಕು. ದೊಡ್ಡ ಬಳ್ಳಿ ಈ ಹೊತ್ತಿನಲ್ಲಿ ದಿನಕ್ಕೆ 200 ಲೀಟರ್‌ವರೆಗೂ ಕುಡಿಯುತ್ತದೆ. ನಾಲ್ಕು ದಿನ ಒಣಗಿಸಿ ಒಮ್ಮೆಲೇ ಸುರಿದರೆ ಕಾಯಿ ಬಿರಿಯುತ್ತದೆ. ಬಿರುಕು ಒಳಗಿನ ಟೊಳ್ಳು ಮುಟ್ಟಿದರೆ ಆ ಕಾಯಿ ಸ್ಪರ್ಧೆಗೂ ಇಲ್ಲ, ಪ್ರದರ್ಶನಕ್ಕೂ ಇಲ್ಲ. ಹನಿ ನೀರಾವರಿ ಪೈಪ್ ಹಾಕುವುದೇ ಸುಲಭ. ಕಾಫಿಗೆ ಸ್ಪ್ರಿಂಕ್ಲರ್ ಓಡಿಸುವ ಫೆಬ್ರವರಿ–ಮಾರ್ಚ್‌ನಲ್ಲಿ ಕೆರೆ ನೀರು ಎರಡಕ್ಕೂ ಸಾಕಾ ಅಂತ ಮೊದಲೇ ಲೆಕ್ಕ ಹಾಕಿ. ಸಾಲದಿದ್ದರೆ ಕಾಫಿಗೇ ಬಿಡಿ, ಆ ವರ್ಷ ಕುಂಬಳ ಬೇಡ.

ಎಲೆ ಬೆಳೆಯುವಾಗ ಸಾರಜನಕ, ಕಾಯಿ ನಿಂತ ಮೇಲೆ ಪೊಟ್ಯಾಷ್ ಮತ್ತು ಕ್ಯಾಲ್ಸಿಯಂ. ಯೂರಿಯಾ ಸುರಿದರೆ ಬಳ್ಳಿ ಸೊಂಪಾಗುತ್ತದೆ, ಕಾಯಿ ಒಡೆಯುತ್ತದೆ. ಸೂಕ್ಷ್ಮ ಪೋಷಕಾಂಶಕ್ಕೆ ಐಐಎಚ್‌ಆರ್‌ನ ಅರ್ಕಾ ವೆಜಿಟೇಬಲ್ ಸ್ಪೆಷಲ್ ಎಲೆಗೆ ಸಿಂಪಡಿಸಬಹುದು.

ಆನೆ, ಹಂದಿ, ನೊಣ

ಸಿದ್ದಾಪುರ, ವಿರಾಜಪೇಟೆ, ತಿತಿಮತಿ ಕಡೆಯವರಿಗೆ ಆನೆಯ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಕುಂಬಳ ಆನೆಗೆ ಇಷ್ಟ. ಮೇ ತಿಂಗಳು ಹಲಸು ಹಣ್ಣಾಗುವ ಹೊತ್ತು ಕೂಡ, ಅವು ತೋಟದೊಳಗೇ ಇರುತ್ತವೆ. ದಿನಾ ಆನೆ ಓಡಾಡುವ ದಾರಿಯಲ್ಲಿ ನಿಮ್ಮ ಗದ್ದೆ ಇದ್ದರೆ ಈ ಹವ್ಯಾಸ ಬೇಡ ಅಂತಲೇ ನನ್ನ ಸಲಹೆ. ಒಂದು ಕುಂಬಳಕ್ಕಾಗಿ ಮನೆ ಹತ್ತಿರ ಆನೆ ಕರೆಸಿಕೊಂಡಂತೆ ಆಗುತ್ತದೆ, ಜೀವಕ್ಕೇ ಅಪಾಯ. ಹಂದಿ, ಮುಳ್ಳುಹಂದಿ ಕಾಟ ಮಾತ್ರ ಇರುವ ಕಡೆ ಸೋಲಾರ್ ಬೇಲಿ, ಬುಡದಲ್ಲಿ ಗಟ್ಟಿ ಬಲೆ, ಮನೆಯ ನಾಯಿ ಸಾಕು. ಲೈನಿನಿಂದ ನೇರ ಕರೆಂಟ್ ತಂತಿ ಎಳೆಯುವುದು ಅಪರಾಧ. ಆ ತಂತಿಗೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಮನೆಯವರೇ ಆಗಿರಬಹುದು.

ಹಣ್ಣುನೊಣ ಮಿಡಿಯಲ್ಲಿ ಮೊಟ್ಟೆ ಇಟ್ಟರೆ ಒಳಗಿಂದ ಕೊಳೆಯುತ್ತದೆ. ಮಿಡಿಗೆ ಮೊದಲ ಎರಡು ವಾರ ತೆಳು ಬಟ್ಟೆ ಚೀಲ ಕಟ್ಟಿ, ಸುತ್ತ ಗಂಡುನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂ ಲ್ಯೂರ್ ಬಲೆ ತೂಗುಹಾಕಿ. ಕೆಂಪು ದುಂಬಿಯನ್ನು ಬೆಳಗಿನ ಚಳಿಯಲ್ಲಿ ಅವು ಜಡವಾಗಿರುವಾಗ ಕೈಯಲ್ಲೇ ಹಿಡಿಯಬಹುದು. ಬೂದಿ ರೋಗದ ಬಿಳಿ ಚುಕ್ಕೆ ಕಂಡ ಎಲೆಯನ್ನು ತಕ್ಷಣ ತೆಗೆಯಿರಿ. ಬೇವಿನ ಎಣ್ಣೆಯೂ ಸೇರಿ ಏನೇ ಸಿಂಪಡಿಸಿದರೂ ಸಂಜೆಯೇ ಸಿಂಪಡಿಸಿ. ಬೆಳಗ್ಗೆ ಹೂವಿಗೆ ಜೇನು ಬರುತ್ತದೆ. ಜೇನಿಗೆ ಹೆಸರಾದ ನಮ್ಮ ನಾಡಿನಲ್ಲಿ ಅದನ್ನು ಮರೆಯಬಾರದು.

ದುಡ್ಡು ಬರುವ ದಾರಿಗಳು

ಮೊದಲನೆಯದು ಮತ್ತು ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೋಂಸ್ಟೇ. ನಿಮ್ಮದೇ ಇದ್ದರೆ ಕಾಯಿ ಕೊಯ್ಯುವವರೆಗೂ ಕಾಯಬೇಡಿ. ಬೆಳೆಯುತ್ತಿರುವ ಕಾಯಿಯೇ ಹೆಚ್ಚು ಆಕರ್ಷಣೆ. ಬಂದ ಮಕ್ಕಳ ಕೈಗೆ ಅಳತೆ ಟೇಪ್ ಕೊಟ್ಟು ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ಸುತ್ತಳತೆ ಅಳೆಸಿ. ರಾತ್ರಿ ಕಳೆಯುವಷ್ಟರಲ್ಲಿ ಒಂದಿಂಚು ಏರಿದ್ದನ್ನು ನೋಡಿದ ಮಗು ಮನೆಗೆ ಹೋಗಿ ಎಲ್ಲರಿಗೂ ಹೇಳುತ್ತದೆ. ಕಾಫಿ ತೋಟ ಸುತ್ತಿಸುವ ಕಾರ್ಯಕ್ರಮ ನಿಮ್ಮಲ್ಲಿದ್ದರೆ ಕುಂಬಳದ ಗದ್ದೆಯನ್ನೂ ಸೇರಿಸಿ, ಶುಲ್ಕ ಸ್ವಲ್ಪ ಏರಿಸಿ.

ಹೋಂಸ್ಟೇ ಇಲ್ಲದವರು ಕಾಯಿಯನ್ನು ಬಾಡಿಗೆಗೆ ಕೊಡಬಹುದು. ಉದಾಹರಣೆಗೆ ದಿನಕ್ಕೆ 500 ರೂಪಾಯಿಯಂತೆ ಆರು ವಾರಾಂತ್ಯ, ಅಂದರೆ ಹನ್ನೆರಡು ದಿನಕ್ಕೆ 6,000 ರೂಪಾಯಿ. ಸಂತೆಯ 1,500ಕ್ಕೆ ಹೋಲಿಸಿ ನೋಡಿ. ಸಾಗಾಟದ ಖರ್ಚು ಯಾರದು, ಮಳೆ ಬಿಸಿಲಿಗೆ ಇಡುವಂತಿಲ್ಲ, ಮೇಲೆ ಯಾರನ್ನೂ ಕೂರಿಸುವಂತಿಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆದುಕೊಡಿ. ಗಾಯವಿಲ್ಲದೆ ಬಲಿತ ಕಾಯಿ ಒಣ ನೆರಳಿನಲ್ಲಿ ಕೆಲವು ವಾರ ತಡೆಯುತ್ತದೆ. ರೆಸಾರ್ಟ್, ಮದುವೆ ಮಂಟಪ, ಗೊಬ್ಬರದ ಅಂಗಡಿ, ನರ್ಸರಿ, ಎಲ್ಲ ಕಡೆ ಕೇಳಿ. ಗೊಬ್ಬರದ ಅಂಗಡಿಯವರು ದುಡ್ಡಿನ ಬದಲು ಮುಂದಿನ ಬೆಳೆಗೆ ಗೊಬ್ಬರ ಕೊಟ್ಟರೂ ಒಪ್ಪಿಕೊಳ್ಳಿ, ಅದೂ ಆದಾಯವೇ. ಕೇಳಲು ನಾಚಿಕೆ ಬೇಡ. ನಮ್ಮವರಲ್ಲಿ ಬಹಳ ಜನ ಚೆನ್ನಾಗಿ ಬೆಳೆಯುತ್ತಾರೆ, ಬೆಲೆ ಕೇಳುವ ಹೊತ್ತಿಗೆ ಸುಮ್ಮನಾಗುತ್ತಾರೆ.

ತೂಕ ಊಹಿಸುವ ಆಟ ಎಲ್ಲರಿಗೂ ಇಷ್ಟ. ಆದರೆ ಚೀಟಿಗೆ ದುಡ್ಡು ತೆಗೆದುಕೊಂಡು ಬಹುಮಾನ ಕೊಡಬೇಡಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ, ಸುಮ್ನೆ ಇಲ್ಲದ ತಲೆನೋವು. ಆಟ ಉಚಿತವಾಗಿರಲಿ, ಪಕ್ಕದಲ್ಲೇ ನಿಮ್ಮ ಕಾಫಿ ಪುಡಿ, ಮೆಣಸು, ಜೇನು ಮಾರಾಟಕ್ಕಿರಲಿ. ಜನ ಕಾಯಿ ನೋಡಲು ನಿಲ್ಲುತ್ತಾರೆ, ಹೋಗುವಾಗ ಒಂದು ಪೊಟ್ಟಣ ತೆಗೆದುಕೊಳ್ಳುತ್ತಾರೆ. ನಿಜವಾದ ವ್ಯಾಪಾರ ಆಗುವುದು ಆ ಪೊಟ್ಟಣದಲ್ಲಿ.

ಎರಡನೇ ವರ್ಷದಿಂದ ಸಸಿ ಮತ್ತು ಬೀಜ. ನಿಮ್ಮ ಕಾಯಿ ನೋಡಿದವರು ಬೀಜ ಕೇಳದೆ ಇರುವುದಿಲ್ಲ. ಹೊರದೇಶಗಳಲ್ಲಿ ಚಾಂಪಿಯನ್ ಕಾಯಿಯ ಒಂದೊಂದು ಬೀಜ ಹರಾಜಿನಲ್ಲಿ ನೂರಾರು ಡಾಲರ್‌ಗೆ ಹೋಗುತ್ತದೆ. ಇಲ್ಲಿ ಅಷ್ಟಿಲ್ಲ. ಆದರೆ ಹೂವಿನ ಬಾಯಿ ಕಟ್ಟಿ ಕೈಯಲ್ಲಿ ಪರಾಗ ಹಾಕಿದ ಬೀಜ ಅಂತ ನೀವು ಧೈರ್ಯವಾಗಿ ಹೇಳುವಂತಿದ್ದರೆ ಹತ್ತು ಬೀಜದ ಪೊಟ್ಟಣಕ್ಕೆ ಒಳ್ಳೆಯ ಬೆಲೆ ಕೇಳಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತ ತಾನು ಬೆಳೆದ ಬೀಜವನ್ನು ಮಾರುವ ಹಕ್ಕಿದೆ, ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಿ ಮಾರುವಂತಿಲ್ಲ. ಅಂಗಡಿ ಇಟ್ಟು ವ್ಯಾಪಾರವಾಗಿಯೇ ಮಾಡುವುದಿದ್ದರೆ ಬೀಜ ಮಾರಾಟದ ಪರವಾನಗಿ ಬೇಕು.

ವಿಡಿಯೋ ಮಾಡುವ ಮಕ್ಕಳು ಮನೆಯಲ್ಲಿದ್ದರೆ ದಿನಾ ಒಂದೇ ಜಾಗದಿಂದ, ಒಂದೇ ಹೊತ್ತಿಗೆ ಕಾಯಿಯ ಫೋಟೋ ತೆಗೆಸಿ. ಜೋಡಿಸಿದರೆ ಒಂದು ನಿಮಿಷದಲ್ಲಿ ಮಿಡಿಯಿಂದ ದೈತ್ಯನವರೆಗೆ ಕಾಣುತ್ತದೆ. ಯೂಟ್ಯೂಬ್ ಜಾಹೀರಾತಿನ ದುಡ್ಡು ಬರಲು 1,000 ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಚಿಕ್ಕ ವಿಡಿಯೋಗಳಿಗೆ (ಶಾರ್ಟ್ಸ್) ಒಂದು ಕೋಟಿ ವೀಕ್ಷಣೆ ಬೇಕು. ಒಂದು ಕಾಯಿಯಿಂದ ಅದು ಆಗುವುದು ಕಷ್ಟ. ಆದರೆ ಅದೇ ವಿಡಿಯೋ ನೋಡಿ ಹೋಂಸ್ಟೇ ಬುಕ್ ಮಾಡುವವರು ಸಿಗುತ್ತಾರೆ, ಬಾಡಿಗೆಗೆ ಕೇಳುವವರೂ ಸಿಗುತ್ತಾರೆ.

ಲೆಕ್ಕದ ಪುಸ್ತಕ ಒಂದು ಇಡಿ. ಕಾಯಿ, ಬೀಜ, ನೀವೇ ಬೆಳೆಸಿದ ಸಸಿ ಮಾರಿದ ದುಡ್ಡು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ವಿಡಿಯೋ, ಪ್ರದರ್ಶನದ ಬಾಡಿಗೆ, ಪ್ರವೇಶ ಶುಲ್ಕ ಕೃಷಿ ಆದಾಯದಲ್ಲಿ ಬರುವುದಿಲ್ಲ, ಬೇರೆ ಬರೆದಿಡಿ.

ಕೊಯ್ಲು, ತೂಕ, ಬೀಜ

ಅಳತೆ ಮೂರು ನಾಲ್ಕು ದಿನ ಒಂದೇ ಸಮ ನಿಂತರೆ ಕಾಯಿ ಬಲಿತಿದೆ ಅಂತ ಅರ್ಥ. ತೊಟ್ಟಿನ ಎರಡೂ ಕಡೆ ಗೇಣುದ್ದ ಬಳ್ಳಿ ಬಿಟ್ಟು ಕೊಯ್ಯಿರಿ. ತೊಟ್ಟು ಹಿಡಿದು ಎತ್ತಲೇಬಾರದು. ದಪ್ಪ ಟಾರ್ಪಾಲನ್ನು ಒಂದು ಕಡೆಯಿಂದ ಮೆಲ್ಲಗೆ ಕೆಳಗೆ ತೂರಿಸಿ, ಆರು ಜನ ಅಂಚು ಹಿಡಿದು ಎತ್ತಿ. ನೂರು ಕೆಜಿ ಮೀರಿದರೆ ಮೂರು ಕಂಬದ ಮೇಲೆ ಚೈನ್ ಪುಲ್ಲಿ ಕಟ್ಟಿಕೊಳ್ಳಿ. ಪಿಕಪ್‌ನಲ್ಲಿ ಹಳೆಯ ಟೈರ್ ಇಟ್ಟು ಅದರ ಮೇಲೆ ಹುಲ್ಲು ಹಾಸಿ ಕೂರಿಸಿ. ನಮ್ಮ ಘಾಟಿ ರಸ್ತೆಯ ತಿರುವುಗಳಲ್ಲಿ ಕಾಯಿ ಉರುಳಬಾರದು.

ತೂಕಕ್ಕೆ ಕಾಫಿ ಮೂಟೆ ತೂಗುವ ಯಂತ್ರವೇ ಸಾಕು. ತೂಗುವಾಗ ಸಾಕ್ಷಿಗೆ ನಾಲ್ಕು ಜನ ಇರಲಿ, ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಬೀಜ ಮಾರುವಾಗ ಆ ಫೋಟೋಗೆ ಬೆಲೆ ಇದೆ.

ಪ್ರದರ್ಶನ ಮುಗಿದ ಮೇಲೆ ಮೆತ್ತಗಾಗುವ ಮೊದಲೇ ಕಾಯಿ ಕಡಿಯಿರಿ. ಬೀಜವನ್ನು ನೀರಿನಲ್ಲಿ ಉಜ್ಜಿ ತೊಳೆದು, ಬಲೆಯ ಮೇಲೆ ಹರಡಿ, ನೆರಳಿನಲ್ಲಿ ಫ್ಯಾನ್ ಗಾಳಿಗೆ ಎರಡು ವಾರ ಒಣಗಿಸಿ. ಮೇ ಕೊನೆಯ ತೇವದಲ್ಲಿ ಇದಕ್ಕೆ ಅವಸರ ಮಾಡಿದರೆ ಬೂಸಲು ಬರುತ್ತದೆ. ಬಾಗಿಸಿದರೆ ಬಾಗದೆ ಪಟ್ ಅಂತ ಮುರಿಯುವ ಬೀಜ ಒಣಗಿದೆ ಅಂತ ಲೆಕ್ಕ. ಕಾಗದದ ಕವರಿನಲ್ಲಿ ಹಾಕಿ ತೂಕ, ವರ್ಷ, ಪರಾಗ ಹಾಕಿದ ತಾರೀಕು ಬರೆದು ಗಾಳಿಯಾಡದ ಡಬ್ಬಿಯಲ್ಲಿಡಿ. ತಿರುಳು ನೀರು ನೀರಾಗಿರುತ್ತದೆ, ಸಾರಿಗೆ ಅಷ್ಟು ರುಚಿ ಇಲ್ಲ. ಹಲ್ವಾ ಮಾಡಿ ಮಾರುವುದಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಹೋಳು ಮಾಡಿ ಹಸುಗಳಿಗೆ ಹಾಕಿ, ಒಂದೇ ದಿನ ಎಲ್ಲ ಕೊಡದೆ ದಿನಕ್ಕೆ ಸ್ವಲ್ಪ ಸ್ವಲ್ಪ.